ಹದಿನಾಲ್ಕು ಮೈಕ್ರಾನ್

ಸಂಸ್ಥೆಯಲ್ಲಿ ಅವಳನ್ನು ಎಲ್ಲರೂ ಪದರಕ್ಕ ಎಂದೇ ಕರೆಯುತ್ತಿದ್ದರು. ಮಿದುಳಿನ ಸಂಶೋಧನೆ ನಡೆಯುವ ಆ ಕಟ್ಟಡದ ನೆಲಮಾಳಿಗೆಯಲ್ಲಿ, ಕಿಟಕಿಯಿಲ್ಲದ ಒಂದು ಕೋಣೆಯಲ್ಲಿ ಕೂತು, ಸತ್ತವರ ಮಿದುಳಿನ ತುಣುಕುಗಳನ್ನು ಪದರ ಪದರವಾಗಿ ಕತ್ತರಿಸುವುದು ಅವಳ ಕೆಲಸ. ಒಂದೊಂದು ಪದರದ ದಪ್ಪ ಹದಿನಾಲ್ಕು ಮೈಕ್ರಾನ್. ತಲೆಗೂದಲೊಂದನ್ನು ಉದ್ದುದ್ದಕ್ಕೆ ಐದಾಗಿ ಸೀಳಿದರೆ ಒಂದು ಸೀಳು ಎಷ್ಟಿರುತ್ತದೋ ಹೆಚ್ಚೂಕಡಿಮೆ ಅಷ್ಟು. ಇಪ್ಪತ್ಮೂರು ವರ್ಷ ಅವಳು ಮಾಡಿದ್ದು ಇದನ್ನೇ.

ಅವಳೇನೂ ಓದಿ ಈ ಕೆಲಸಕ್ಕೆ ಬಂದವಳಲ್ಲ. ಮೊದಲು ಒಂದು ಆಸ್ಪತ್ರೆಯ ಪ್ರಯೋಗಾಲಯದಲ್ಲಿ ಗಾಜಿನ ಸಾಮಾನು ತೊಳೆಯುತ್ತಿದ್ದಳು. ಅಲ್ಲಿನ ವಯಸ್ಸಾದ ತಂತ್ರಜ್ಞ ಒಂದು ದಿನ ಅವಳು ಟ್ರೇ ತುಂಬ ಗಾಜಿನ ಪಟ್ಟಿಗಳನ್ನು ಹೊತ್ತು ಬರುವುದನ್ನು ನೋಡಿದ. ನೂರು ಪಟ್ಟಿಗಳಿದ್ದರೂ ಒಂದಕ್ಕೊಂದು ತಾಗಿದ ಸದ್ದು ಕೇಳಲಿಲ್ಲ. "ಇಲ್ಲಿ ಬಾಮ್ಮ, ಕೈ ಚಾಚು ನೋಡೋಣ" ಅಂದ. ಚಾಚಿದಳು. ಆತ ಅವಳ ಬೆರಳ ತುದಿಯ ಮೇಲೆ ಒಂದು ತೆಳು ಕಾಗದ ಇಟ್ಟು ಎರಡು ನಿಮಿಷ ಸುಮ್ಮನೆ ನಿಂತ. ಕಾಗದ ಅಲುಗಲಿಲ್ಲ. "ಈ ಕೈಯಲ್ಲಿ ಪಾತ್ರೆ ತೊಳೆಸ್ತಿದ್ದಾರಲ್ಲ, ಇವರಿಗೆ ಬುದ್ಧಿ ಇದೆಯಾ?" ಎಂದು ಯಾರನ್ನೋ ಬೈದು, ಮರುದಿನದಿಂದ ಅವಳನ್ನು ಪದರ ಕತ್ತರಿಸುವ ಯಂತ್ರದ ಮುಂದೆ ಕೂರಿಸಿದ. ಆ ಕೈಚಳಕವೇ ಅವಳನ್ನು ಮುಂದೆ ಈ ಸಂಸ್ಥೆಗೆ ತಂದಿತು.

ಇಲ್ಲಿನ ಯಂತ್ರದ ಹೊಟ್ಟೆಯೊಳಗೆ ಯಾವಾಗಲೂ ಕೊರೆಯುವ ಚಳಿ, ಸೊನ್ನೆಗಿಂತ ಇಪ್ಪತ್ತು ಡಿಗ್ರಿ ಕೆಳಗೆ. ಹೆಪ್ಪುಗಟ್ಟಿದ ತುಣುಕನ್ನು ಒಳಗೆ ಕೂರಿಸಿ, ಹೊರಗಿನ ಚಕ್ರವನ್ನು ಒಂದು ಸುತ್ತು ತಿರುಗಿಸಿದರೆ ತುಣುಕು ಅಲಗಿನ ಮೇಲೆ ಇಳಿಯುತ್ತದೆ, ಒಂದು ಪದರ ಕಳಚುತ್ತದೆ. ಮುಂದಿನ ಸುತ್ತಿಗೆ ಯಂತ್ರವೇ ತುಣುಕನ್ನು ಹದಿನಾಲ್ಕು ಮೈಕ್ರಾನ್ ಮುಂದೆ ತಳ್ಳುತ್ತದೆ. ಕಳಚಿದ ಪದರ ಸುರುಳಿ ಸುತ್ತಿಕೊಳ್ಳುವ ಮುನ್ನ ಮೂರೇ ಮೂರು ಎಳೆಯ ಕುಂಚದಿಂದ ಅದನ್ನು ಹಿಡಿದು ಹರಡಿ ಗಾಜಿನ ಪಟ್ಟಿಗೆ ಅಂಟಿಸಬೇಕು. ಉಸಿರು ಜೋರಾಗಿ ಬಿಟ್ಟರೂ ಕೆಟ್ಟಿತು. ಉಣ್ಣೆಯ ಕೈಗವಸಿನ ಮೇಲೆ ರಬ್ಬರಿನದು ಹಾಕಿಕೊಂಡರೂ ಮಧ್ಯಾಹ್ನದ ಹೊತ್ತಿಗೆ ಬೆರಳುಗಳು ಅವಳದಲ್ಲವೇನೋ ಎನ್ನುವಂತೆ ಜೋಮು ಹಿಡಿಯುತ್ತಿದ್ದವು. ತುಣುಕುಗಳಿಗೆ ಹೆಸರಿರಲಿಲ್ಲ, ನಂಬರು ಮಾತ್ರ. ಅದು ಯಾರದು, ಹೇಗೆ ಸತ್ತರು ಎಂಬುದು ಕತ್ತರಿಸುವವರಿಗೆ ಗೊತ್ತಿರಬಾರದೆಂಬುದು ಅಲ್ಲಿನ ನಿಯಮ. ಗೊತ್ತಿದ್ದರೆ ಕೈ ತನಗೇ ತಿಳಿಯದೆ ಪಕ್ಷಪಾತ ಮಾಡುತ್ತದಂತೆ.

ಅವಳ ಗಂಡ ಡ್ರೈವಿಂಗ್ ಶಾಲೆಯೊಂದರಲ್ಲಿ ಮೇಷ್ಟ್ರು. ಇಡೀ ಬಡಾವಣೆಯಲ್ಲಿ ಅರ್ಧಕ್ಕರ್ಧ ಜನ ಕಾರು ಕಲಿತದ್ದು ಅವನ ಪಕ್ಕ ಕೂತೇ. ಅವನ ಕಾರಿನಲ್ಲಿ ಎಡಬದಿಗೂ ಒಂದು ಬ್ರೇಕು ಇತ್ತು. ಕಲಿಯುವವರು ಗಾಬರಿಬಿದ್ದರೆ ಅದನ್ನು ಒತ್ತಿ ನಿಲ್ಲಿಸಿ, ಏನೂ ಆಗಿಲ್ಲವೆಂಬಂತೆ ಕಿಟಕಿಯಾಚೆ ನೋಡುತ್ತಿದ್ದ. "ನೀವು ಹೆದರ್ಬೇಡಿ. ಹೆದರೋ ಕೆಲಸಕ್ಕೆ ನನಗೆ ಸಂಬಳ ಕೊಡ್ತಾರೆ" ಎಂಬುದು ಅವನ ಖಾಯಂ ಮಾತು. ಮನೆಗೆ ಬಂದರೆ ದಿನದ ಕತೆಗಳ ಸುಗ್ಗಿ. ಗೇರು ಹಾಕಲು ಹೋಗಿ ತನ್ನ ತೊಡೆ ಹಿಡಿದ ಅಜ್ಜನದು, ಹಿಂದೆ ನೋಡುವ ಕನ್ನಡಿಯಲ್ಲಿ ಲಿಪ್‌ಸ್ಟಿಕ್ ಸರಿಮಾಡಿಕೊಂಡ ವಕೀಲೆಯದು. ಮಕ್ಕಳಿಲ್ಲದ ಮನೆ, ಆದರೆ ನಗುವಿಗೇನೂ ಕೊರತೆಯಿರಲಿಲ್ಲ. ಅತ್ತೆ, ಎಂದರೆ ಅವನ ತಾಯಿ, "ಇವನು ಹುಟ್ಟುವಾಗಲೂ ಅಳದೆ ಮಾತಾಡ್ಕೊಂಡೇ ಬಂದಿರ್ಬೇಕು" ಅನ್ನುತ್ತಿದ್ದರು.

ಆ ಮಾತು ಯಾವಾಗ ಕಡಿಮೆಯಾಯಿತೋ ಪದರಕ್ಕನಿಗೆ ಗೊತ್ತಾಗಲಿಲ್ಲ. ಊಟದ ಹೊತ್ತಿನ ಕತೆ ಎರಡಿದ್ದದ್ದು ಒಂದಾಯಿತು, ಆಮೇಲೆ "ಇವತ್ತೇನೂ ಇಲ್ಲ" ಆಯಿತು. ಬೆಳಕು ಹರಿಯುವ ಮುಂಚೆಯೇ ಎಚ್ಚರವಾಗಿ ಹಾಸಿಗೆಯ ಅಂಚಿನಲ್ಲಿ ಕೂತಿರುತ್ತಿದ್ದ. ತಟ್ಟೆಯಲ್ಲಿ ಬಡಿಸಿದ್ದು ಹಾಗೇ ಆರುತ್ತಿತ್ತು. ಕೇಳಿದರೆ "ಏನಿಲ್ಲ, ಸ್ವಲ್ಪ ಸುಸ್ತು" ಅಂದ. ಸುಸ್ತು ಎರಡು ತಿಂಗಳು ಎಳೆಯಿತು.

ಆಮೇಲೆ ಆ ಗೋಡೆಯ ಪ್ರಸಂಗ ನಡೆಯಿತು. ಹೊಸದಾಗಿ ಕಲಿಯುತ್ತಿದ್ದ ಒಬ್ಬ ಹೆಂಗಸು ಬ್ರೇಕು ಒತ್ತಲು ಹೋಗಿ ಆಕ್ಸಿಲರೇಟರ್ ಒತ್ತಿದಳು. ಕಾರು ನಿಧಾನವಾಗಿಯೇ ಫುಟ್‌ಪಾತ್ ಹತ್ತಿ, ಒಂದು ಗೋಡೌನಿನ ಗೋಡೆಗೆ ಮೂತಿ ಕೊಟ್ಟಿತು. ಯಾರಿಗೂ ಪೆಟ್ಟಾಗಲಿಲ್ಲ. ಆದರೆ ಆ ಹೆಂಗಸು ಶಾಲೆಗೆ ಬಂದು ಅತ್ತಳು: "ಮೇಷ್ಟ್ರು ಪಕ್ಕದಲ್ಲೇ ಇದ್ರು. ಗೋಡೆ ಬರೋದನ್ನ ನೋಡ್ತಾನೇ ಇದ್ರು. ಬ್ರೇಕು ಹಾಕ್ಲೇ ಇಲ್ಲ."

ಅವತ್ತು ಸಂಜೆ ಪದರಕ್ಕ ಕೇಳಿದಳು, "ನಿದ್ದೆ ಬಂದಿತ್ತೇನ್ರಿ?"

"ಇಲ್ಲ."

"ಮತ್ತೆ?"

"ಕಾಲು ಬ್ರೇಕಿನ ಮೇಲೇ ಇತ್ತು. ಒತ್ತಬೇಕು ಅಂತಲೂ ಗೊತ್ತಿತ್ತು. ಒತ್ತೋದು ಯಾಕೋ... ತುಂಬ ದೂರದ ಕೆಲಸ ಅನ್ನಿಸ್ತು."

ಶಾಲೆಯವರು ಒಳ್ಳೆಯವರು, ಕೆಲಸದಿಂದ ತೆಗೆಯಲಿಲ್ಲ, ಸ್ವಲ್ಪ ದಿನ ರಜ ತಗೊಳ್ಳಿ ಅಂದರು. ಮನೆಯಲ್ಲಿ ಕೂತ ಗಂಡನಿಗೆ ಪದರಕ್ಕ ಎಲ್ಲ ಹೆಂಡತಿಯರೂ ಹೇಳುವುದನ್ನೇ ಹೇಳಿದಳು. ಎದ್ದು ಒಂದು ಸುತ್ತು ನಡೆದು ಬನ್ನಿ. ಸ್ನೇಹಿತರನ್ನು ನೋಡಿ. ಮನಸ್ಸು ಗಟ್ಟಿ ಮಾಡಿಕೊಳ್ಳಿ. ಒಂದು ಬೆಳಿಗ್ಗೆ, ಕೆಲಸಕ್ಕೆ ತಡವಾಗುತ್ತಿದ್ದಾಗ, ತಾಳ್ಮೆ ತಪ್ಪಿ, "ದುಡಿಯೋರಿಗೆಲ್ಲ ಹೀಗೆ ಕೂತ್ಕೊಳ್ಳೋ ಪುರಸೊತ್ತು ಸಿಗತ್ತಾ?" ಅಂದುಬಿಟ್ಟಳು. ಅವನು ಎದ್ದು ಚಪ್ಪಲಿ ಹಾಕಿಕೊಂಡ. ಸಂಜೆ ಅವಳು ಬಂದಾಗಲೂ ಅದೇ ಚಪ್ಪಲಿಯಲ್ಲಿ ಬಾಗಿಲ ಪಕ್ಕದ ಕುರ್ಚಿಯಲ್ಲಿ ಕೂತಿದ್ದ. ಬೆಳಿಗ್ಗೆಯಿಂದ ಹಾಗೇ ಇದ್ದಾನೆಂದು ಅತ್ತೆ ಕಣ್ಣಿನಲ್ಲೇ ಹೇಳಿದರು. ಡಾಕ್ಟರ ಹತ್ತಿರ ಹೋಗೋಣವೆಂದರೆ, "ನನಗೇನು ತಲೆ ಕೆಟ್ಟಿದೆಯಾ? ಸೋಮಾರಿತನಕ್ಕೆ ಮಾತ್ರೆ ಇಲ್ಲ" ಅಂದ. ಅವನೇ ತನಗೆ ಆ ಹೆಸರಿಟ್ಟುಕೊಂಡಿದ್ದ.

ವಿಚಿತ್ರವೆಂದರೆ, ಆ ವರ್ಷ ಅವಳು ಕತ್ತರಿಸುತ್ತಿದ್ದ ತುಣುಕುಗಳ ಪೆಟ್ಟಿಗೆಗಳು ಇದೇ ಕಾಯಿಲೆಗೆ ಸಂಬಂಧಿಸಿದ್ದವು. ಖಿನ್ನತೆ ಎಂಬ ಪದವನ್ನು ಅವಳು ಕೆಲಸದ ಜಾಗದಲ್ಲಿ ದಿನಕ್ಕೆ ಹತ್ತು ಸಲ ಕೇಳುತ್ತಿದ್ದಳು. ಆದರೆ ಅದು ಕೋಟು ಹಾಕಿಕೊಂಡವರ ಪದ, ಮೇಲಿನ ಮಹಡಿಯದು. ತನ್ನ ಮನೆಯ ಬಾಗಿಲ ಪಕ್ಕದ ಕುರ್ಚಿಗೂ ಅದಕ್ಕೂ ನೆಂಟಸ್ತಿಕೆ ಇರಬಹುದೆಂದು ಅವಳಿಗೆ ಹೊಳೆದೇ ಇರಲಿಲ್ಲ.

ಹೊಳೆಯುವ ಹಾಗೆ ಮಾಡಿದ್ದು ಕಂಪ್ಯೂಟರ್ ಹುಡುಗಿ. ಪದರಕ್ಕ ಕತ್ತರಿಸಿದ ಪದರಗಳಿಗೆ ಹೊಳೆಯುವ ಬಣ್ಣ ಹಚ್ಚಿ, ಸೂಕ್ಷ್ಮದರ್ಶಕದಡಿ ಚಿತ್ರ ತೆಗೆದು, ಹೊಳಪನ್ನು ಅಳೆಯುವ ಸಂಶೋಧಕಿ ಅವಳು, ಈ ಸಂಶೋಧನೆ ನಡೆಸುತ್ತಿದ್ದ ಡಾಕ್ಟರಮ್ಮನ ಕೈಕೆಳಗಿನವಳು. ಊಟದ ಡಬ್ಬಿ ಹಿಡಿದು ನೆಲಮಾಳಿಗೆಗೆ ಇಳಿದು ಬರುತ್ತಿದ್ದಳು, ಪದರಕ್ಕನ ಜೊತೆ ತಿನ್ನಲು. ಒಂದು ಮಧ್ಯಾಹ್ನ ಓಡುತ್ತಲೇ ಬಂದಳು. "ಅಕ್ಕಾ, ಬನ್ನಿ ಮೇಲೆ. ನಿಮ್ಮ ಕೈಕೆಲಸ ತೋರಿಸ್ತೀನಿ."

ಪರದೆಯ ಮೇಲೆ ಕಪ್ಪು ಹಿನ್ನೆಲೆಯಲ್ಲಿ ಹಸಿರು ಚುಕ್ಕಿಗಳು. ಒಂದು ಚಿತ್ರದಲ್ಲಿ ಒತ್ತೊತ್ತಾಗಿ, ಇನ್ನೊಂದರಲ್ಲಿ ವಿರಳವಾಗಿ.

"ಇದೇನು?"

ಹುಡುಗಿ ಬಿಡಿಸಿ ಹೇಳಿದಳು. ಮಿದುಳಿನ ಒಂದು ನರಕೋಶ ಇನ್ನೊಂದನ್ನು ಮುಟ್ಟುವುದಿಲ್ಲ, ನಡುವೆ ಕಣ್ಣಿಗೆ ಕಾಣದ ಸಂದು. ಆ ಸಂದಿಗೂ ಅದರ ಎರಡು ದಡಗಳಿಗೂ ಸೇರಿ ಸಿನಾಪ್ಸ್ ಅಂತ ಹೆಸರು. ಈ ದಡದಿಂದ ಸುದ್ದಿ ಆ ದಡಕ್ಕೆ ದಾಟಬೇಕು. ದಾಟಿಸಲು, ದಾಟಿದ್ದನ್ನು ಹಿಡಿದುಕೊಳ್ಳಲು, ಹಿಡಿಯುವ ಕೈಗಳನ್ನು ಅವುಗಳ ಜಾಗದಲ್ಲಿ ನಿಲ್ಲಿಸಲು ಬಗೆಬಗೆಯ ಪ್ರೋಟೀನ್‌ಗಳಿವೆ. "ಈ ಹಸಿರು ಚುಕ್ಕಿ ಅಂಥ ಒಂದು ಪ್ರೋಟೀನು. ಎಡಗಡೆ ಇರೋದು ಆರೋಗ್ಯವಾಗಿದ್ದು ಬೇರೆ ಏನೋ ಆಗಿ ಸತ್ತವರದ್ದು. ಬಲಗಡೆ ಖಿನ್ನತೆ ಇದ್ದೋರದ್ದು. ನೋಡಿ, ಮೂರರಲ್ಲಿ ಒಂದು ಭಾಗ ಕಮ್ಮಿ! ಯಾವ ನಂಬರಿಗೆ ಕಾಯಿಲೆ ಇತ್ತು, ಯಾವುದಕ್ಕೆ ಇರಲಿಲ್ಲ ಅನ್ನೋ ಗುಟ್ಟನ್ನ ಡಾಕ್ಟರಮ್ಮ ನಿನ್ನೆ ಬಿಡಿಸಿದ್ರು. ನಾನು ನಿದ್ದೆ ಮಾಡಿಲ್ಲ."

ಪದರಕ್ಕ ಬಲಗಡೆಯ ಚಿತ್ರವನ್ನೇ ನೋಡುತ್ತ ನಿಂತಳು. "ಸುದ್ದಿ ದಾಟಲ್ಲ ಅಂದ್ರೆ... ಬ್ರೇಕು ಒತ್ತು ಅನ್ನೋದು ಕಾಲಿಗೆ ಮುಟ್ಟಲ್ಲ ಅಂತಲಾ?"

"ಅಷ್ಟು ನೇರ ಅಲ್ಲ ಅಕ್ಕ. ಕಾಲಿಗೆ ಹೋಗೋ ದಾರಿ ಬೇರೆ. ಇದು ಹಣೆಯ ಹಿಂದಿನ ಭಾಗ. ಮಾಡಬೇಕು ಅನ್ನಿಸೋದು, ಮಾಡಿದ್ರೆ ಏನು ಬಂತು ಅಂತ ತೂಗೋದು, ಅಲ್ಲಿ ನಡೆಯತ್ತೆ."

ಅಷ್ಟು ಸಾಕಾಗಿತ್ತು ಅವಳಿಗೆ. ಅವತ್ತು ಸಂಜೆ ಬಸ್ಸಿನಿಂದ ಇಳಿದವಳು ಮನೆಗೆ ಅರ್ಧ ಓಡಿದಳು. ಗಂಡನ ಮುಂದೆ ಮಣೆಯ ಮೇಲೆ ಕೂತು, ಕಾಗದದಲ್ಲಿ ಎರಡು ಚೌಕ ಬರೆದು, ಒಂದರಲ್ಲಿ ಪೆನ್ನಿನಿಂದ ಒತ್ತಾಗಿ ಚುಕ್ಕಿ ಇಟ್ಟಳು, ಇನ್ನೊಂದರಲ್ಲಿ ಬಿಡಿಬಿಡಿಯಾಗಿ. "ಇದು ಸೋಮಾರಿತನ ಅಲ್ಲ ಕಣ್ರಿ. ನೀವು ಕೆಟ್ಟೋರೂ ಅಲ್ಲ, ಹೇಡಿನೂ ಅಲ್ಲ. ಅಲ್ಲಿ ಇರಬೇಕಾದ ಪ್ರೋಟೀನು ಇಲ್ಲ. ನಾನೇ ಕತ್ತರಿಸಿದ್ದು, ನಾನೇ ನೋಡಿ ಬಂದಿದ್ದೀನಿ. ನಾನು ನಿಮಗೆ ಅಂದಿದ್ದೆಲ್ಲ ತಪ್ಪು."

ಅವನು ಕಾಗದವನ್ನು ಕೈಗೆ ತಗೊಂಡು ನೋಡಿದ. ಕಣ್ಣಲ್ಲಿ ನೀರು ಬಂತು. ತಿಂಗಳುಗಳಿಂದ ಅವನ ಕಣ್ಣಲ್ಲಿ ಅದೂ ಬಂದಿರಲಿಲ್ಲ. "ಕಮ್ಮಿ ಆಗಿದೆಯಾ?" ಅಂದ. "ನಿಜವಾಗ್ಲೂ ಕಮ್ಮಿ ಆಗಿರೋದಾ?"

"ನಿಜ."

ಮರುವಾರ ಅವನು ಮನೋವೈದ್ಯರ ಹತ್ತಿರ ಹೋದ. ಮಾತ್ರೆ ಶುರುವಾಯಿತು, ವಾರಕ್ಕೊಮ್ಮೆ ಮಾತುಕತೆ ಶುರುವಾಯಿತು. ಅತ್ತೆಯೂ ತಮ್ಮ ಪಾಲಿನ ಚಿಕಿತ್ಸೆ ಆರಂಭಿಸಿದರು. ಪ್ರೋಟೀನು ಕಮ್ಮಿ ಎಂಬ ಮಾತು ಅವರ ಕಿವಿಗೆ ಬಿದ್ದದ್ದೇ ತಡ, ಬೆಳಿಗ್ಗೆ ಎರಡು ಮೊಟ್ಟೆ, ಸಂಜೆ ನೆನೆಸಿದ ಕಾಳು, ಮಲಗುವಾಗ ಹಾಲು. "ಅತ್ತೆ, ಅದು ತಿನ್ನೋ ಪ್ರೋಟೀನ್ ಅಲ್ಲ, ಮಿದುಳೇ ಒಳಗೆ ಮಾಡ್ಕೊಳ್ಳೋದು" ಎಂದು ಪದರಕ್ಕ ಹೇಳಿದರೆ, "ಮಾಡ್ಕೊಳ್ಳೋಕೆ ಸಾಮಾನು ಬೇಡ್ವಾ?" ಎಂದು ಬಾಯಿ ಮುಚ್ಚಿಸಿದರು.

ಆರು ವಾರದಲ್ಲಿ ಅವನು ಪೂರ್ತಿ ಗುಣವಾಗಿಬಿಟ್ಟ ಎಂದೇನಿಲ್ಲ. ಆದರೆ ನಿದ್ದೆ ಸ್ವಲ್ಪ ಉದ್ದವಾಯಿತು. ಒಂದು ದಿನ ತಾನಾಗಿಯೇ ಗಡ್ಡ ಹೆರೆದುಕೊಂಡ. ಅಡುಗೆಮನೆಯ ಬಾಗಿಲ ಕೀಲಿಗೆ ಎಣ್ಣೆ ಬಿಟ್ಟ. ಪದರಕ್ಕ ಇವನ್ನೆಲ್ಲ ಮನಸ್ಸಿನಲ್ಲೇ ಗುರುತು ಹಾಕಿಕೊಂಡಳು, ಬಾಯಿಬಿಟ್ಟು ಹೇಳಿದರೆ ದೃಷ್ಟಿಯಾದೀತೆಂಬಂತೆ ಸುಮ್ಮನಿದ್ದಳು.

ಅಷ್ಟರಲ್ಲಿ ಯಂತ್ರ ರಿಪೇರಿಯವನು ಬಂದ. ವರ್ಷಕ್ಕೊಮ್ಮೆ ಬಂದು ಯಂತ್ರ ಬಿಚ್ಚಿ, ಒರೆಸಿ, ಅಳತೆ ನೋಡಿ ಹೋಗುವುದು ವಾಡಿಕೆ. ಆ ಸಲ ಹಿಂದಿನ ಮುಚ್ಚಳ ಬಿಚ್ಚಿದವನು ನಾಲಿಗೆ ಲೊಚಗುಟ್ಟಿದ. "ಏನಕ್ಕಾ, ಇದರ ಮುಂದೆ ತಳ್ಳೋ ಸ್ಕ್ರೂ ಸವೆದು ಹೋಗಿದೆ. ನೀವು ಹದಿನಾಲ್ಕು ಅಂತ ಇಟ್ರೆ ಇದು ಹತ್ತೇ ತಳ್ತಿದೆ. ಒಂದೊಂದ್ಸಲ ಒಂಬತ್ತು."

"ಯಾವಾಗಿಂದ?"

"ಅದು ನನಗೆ ಹೇಗೆ ಗೊತ್ತಾಗತ್ತೆ? ಹೋದ ವರ್ಷ ನಾನು ನೋಡಿದಾಗ ಸರಿ ಇತ್ತು." ಹೊಸ ಸ್ಕ್ರೂ ಹಾಕಿ, ರಸೀದಿಗೆ ಸಹಿ ಹಾಕಿಸಿಕೊಂಡು, ಅವನು ಹೊರಟುಹೋದ. ಅವನಿಗೆ ಅದು ದಿನದ ನಾಲ್ಕು ಕೆಲಸಗಳಲ್ಲಿ ಒಂದು.

ಪದರಕ್ಕ ಯಂತ್ರದ ಮುಂದೆ ಕೂತೇ ಇದ್ದಳು. ಪದರ ತೆಳುವಾದರೆ ಅದರೊಳಗಿನ ಸರಕೂ ಕಡಿಮೆ. ಸರಕು ಕಡಿಮೆಯಾದರೆ ಹೊಳಪೂ ಕಡಿಮೆ. ಅಷ್ಟು ತಿಳಿಯಲು ಕಾಲೇಜು ಬೇಕಿರಲಿಲ್ಲ. ಆದರೆ ಎಲ್ಲ ಪದರಗಳೂ ಒಂದೇ ಸಮ ತೆಳುವಾಗಿದ್ದರೆ ಹೋಲಿಕೆಗೆ ತೊಂದರೆಯಿಲ್ಲ. ಅಷ್ಟರಲ್ಲಿ ಅವಳಿಗೆ ಬೇರೊಂದು ನೆನಪಾಯಿತು.

ಆ ವರ್ಷ ಪೆಟ್ಟಿಗೆಗಳು ಎರಡು ಸಲಕ್ಕೆ ಬಂದಿದ್ದವು. ಎರಡನ್ನೂ ಬೆರೆಸಿ ಕತ್ತರಿಸಬೇಕೆಂಬುದು ಮೊದಲಿನ ಏರ್ಪಾಡು. ಎರಡನೆಯದು ನಾಲ್ಕು ತಿಂಗಳು ತಡವಾಯಿತು, ಸುಮ್ಮನೆ ಕಾಯುವುದೇಕೆಂದು ಡಾಕ್ಟರಮ್ಮ ಅಂದಿದ್ದರಿಂದ ಮೊದಲನೆಯದನ್ನು ಕತ್ತರಿಸಿ ಮುಗಿಸಿದ್ದಳು. ಎರಡನೆಯ ಪೆಟ್ಟಿಗೆ ಕತ್ತರಿಸುವಾಗಲೇ ಪದರಗಳು ವಿಪರೀತ ಸುರುಳಿ ಸುತ್ತುತ್ತಿದ್ದವು. ಅಲಗು ಮೊಂಡಾಯಿತೆಂದು ಬದಲಾಯಿಸಿದ್ದಳು, ಚಳಿ ಹೆಚ್ಚಾಯಿತೆಂದು ಗುಂಡಿ ತಿರುಗಿಸಿದ್ದಳು. ತೆಳುವಾಗಿರಬಹುದೆಂದು ಯೋಚಿಸಿರಲಿಲ್ಲ. ತನ್ನ ದಿನದ ಪುಸ್ತಕ ತೆಗೆದು ನೋಡಿದಳು. ಅವಳದೇ ಅಕ್ಷರದಲ್ಲಿ, 'ಇವತ್ತೂ ಸುರುಳಿ', 'ಇವತ್ತೂ'. ಮೊದಲ ಪೆಟ್ಟಿಗೆಯ ದಿನಗಳಲ್ಲಿ ಅಂಥ ಒಂದು ಮಾತೂ ಇಲ್ಲ. ಎರಡನೆಯ ಪೆಟ್ಟಿಗೆ ಯಾರದು? ಗುಟ್ಟು ಬಿಡಿಸಿದ ಮೇಲೆ ಹುಡುಗಿಯೇ ಹೇಳಿದ್ದಳು: ಮೊದಲನೆಯದರಲ್ಲಿ ಹೆಚ್ಚಿನವರು ಆರೋಗ್ಯವಾಗಿದ್ದವರು, ಎರಡನೆಯದರಲ್ಲಿ ಖಿನ್ನತೆ ಇದ್ದವರು.

ಅಂದರೆ ಬಲಗಡೆಯ ಚಿತ್ರದಲ್ಲಿ ಚುಕ್ಕಿ ಕಡಿಮೆ ಇದ್ದದ್ದು ಮಿದುಳಿನಲ್ಲಿ ಅಲ್ಲದೆ ಇರಬಹುದು. ಸವೆದ ಸ್ಕ್ರೂವಿನಲ್ಲಿ ಇರಬಹುದು.

ಎರಡು ದಿನ ಅವಳು ಯಾರಿಗೂ ಹೇಳಲಿಲ್ಲ. ಇದನ್ನು ಮುಚ್ಚಿಡುವ ಅಗತ್ಯವೇ ಇರಲಿಲ್ಲ, ತಾನಾಗಿಯೇ ಮುಚ್ಚಿಕೊಂಡಿತ್ತು. ರಿಪೇರಿಯವನಿಗೆ ಪೆಟ್ಟಿಗೆಗಳ ವಿಷಯ ಗೊತ್ತಿಲ್ಲ, ಮೇಲಿನವರಿಗೆ ಸ್ಕ್ರೂವಿನ ವಿಷಯ ಗೊತ್ತಿಲ್ಲ. ಎರಡೂ ಗೊತ್ತಿದ್ದದ್ದು ಅವಳೊಬ್ಬಳಿಗೆ. ಮೇಲಿನ ಮಹಡಿಯಲ್ಲಿ ಡಾಕ್ಟರಮ್ಮ ಪ್ರಬಂಧ ಬರೆಯುತ್ತಿದ್ದರು. ಹುಡುಗಿಯ ಮುಂದಿನ ನೌಕರಿ ಅದರ ಮೇಲೆ ನಿಂತಿತ್ತು. ಅವೆರಡೂ ಅವಳನ್ನು ಅಷ್ಟು ಕಾಡಲಿಲ್ಲ. ಕಾಡಿದ್ದು ಮನೆಯ ಗೋಡೆಗೆ ಗಂಡ ಅಂಟಿಸಿಕೊಂಡಿದ್ದ ಚುಕ್ಕಿಯ ಕಾಗದ. ಅದನ್ನು ನಂಬಿಯೇ ಅವನು ಡಾಕ್ಟರ ಬಾಗಿಲು ತುಳಿದದ್ದು. ಈಗ ಹೋಗಿ ಅದು ಸುಳ್ಳಿರಬಹುದು ಅಂದರೆ? ಮಾತ್ರೆ ಬಿಟ್ಟರೆ? ಮತ್ತೆ ಆ ಕುರ್ಚಿ, ಆ ಚಪ್ಪಲಿ?

ಮೂರನೆಯ ದಿನ ಬೆಳಿಗ್ಗೆ ಯಂತ್ರದಲ್ಲಿ ಹೊಸ ತುಣುಕು ಕೂರಿಸಿ ಚಕ್ರಕ್ಕೆ ಕೈ ಇಟ್ಟಳು. ಕೈ ನಡುಗಿತು. ಇಪ್ಪತ್ಮೂರು ವರ್ಷದಲ್ಲಿ ಮೊದಲ ಸಲ. ತುಣುಕನ್ನು ವಾಪಸ್ ಹಿಮದ ಡಬ್ಬಿಗೆ ಹಾಕಿ, ದಿನದ ಪುಸ್ತಕ ಮತ್ತು ರಸೀದಿ ತಗೊಂಡು ಮೇಲೆ ಹೋದಳು.

ಡಾಕ್ಟರಮ್ಮ ಪೂರ್ತಿ ಕೇಳಿಸಿಕೊಂಡರು. ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಕಂಪ್ಯೂಟರ್ ಹುಡುಗಿ ಪಕ್ಕದಲ್ಲೇ ನಿಂತಿದ್ದಳು, ಅವಳ ಮುಖ ಬಿಳುಚಿತು. "ಅಕ್ಕಾ, ಸುರುಳಿ ಸುತ್ತುತ್ತಿದೆ ಅಂತ ಆಗಲೇ ಹೇಳಬಾರದಿತ್ತಾ? ಒಂದು ವರ್ಷ! ನನ್ನ ಒಂದು ವರ್ಷ!"

"ಅಲಗಿನದು ಅಂದ್ಕೊಂಡೆ ಕಣಮ್ಮ."

"ನೀವು ಅಂದ್ಕೊಂಡ್ರಿ!" ಹುಡುಗಿ ಬಾಗಿಲು ದಢಾರನೆ ಎಳೆದುಕೊಂಡು ಹೋದಳು.

ಡಾಕ್ಟರಮ್ಮ ಬೈಯಲಿಲ್ಲ. ಬೈದಿದ್ದರೆ ಹಗುರವಾಗುತ್ತಿತ್ತು. "ತಪ್ಪು ನಿಮ್ಮದೊಬ್ಬರದೇ ಅಲ್ಲ. ಎರಡು ಪೆಟ್ಟಿಗೆ ಬೆರೆಸದೆ ಶುರು ಮಾಡಿ ಅಂದೋಳು ನಾನು," ಅಂದರು. ದಿನದ ಪುಸ್ತಕ ತಿರುವುತ್ತ, "ಪ್ರತಿ ತುಣುಕಿನಲ್ಲೂ ಇನ್ನೂ ಎಷ್ಟು ಉಳಿದಿದೆ?"

"ಅರ್ಧಕ್ಕಿಂತ ಜಾಸ್ತಿ ಇದೆ."

"ಹಾಗಾದ್ರೆ ಮೊದಲಿಂದ ಕತ್ತರಿಸೋಣ. ಈ ಸಲ ಬೆರೆಸಿ. ಪ್ರಬಂಧ ನಿಲ್ಲಿಸ್ತೀನಿ."

ಎದ್ದು ಬರುವಾಗ ಪದರಕ್ಕ ಬಾಗಿಲಲ್ಲಿ ನಿಂತಳು. "ಡಾಕ್ಟರಮ್ಮ, ಒಂದು ಕೇಳ್ಲಾ? ಹಾಗಾದ್ರೆ ಆ ಕಾಯಿಲೆಯಲ್ಲಿ ಕಮ್ಮಿ ಆಗೋದೇ ಸುಳ್ಳಾ?"

"ಗೊತ್ತಿಲ್ಲ. ಸುಳ್ಳು ಅಂತಲೂ ಗೊತ್ತಿಲ್ಲ, ನಿಜ ಅಂತಲೂ ಗೊತ್ತಿಲ್ಲ. ನಿಜವೇ ಆಗಿದ್ರೂ, ಕಮ್ಮಿ ಆದದ್ದರಿಂದ ಕಾಯಿಲೆ ಬಂತೋ, ಕಾಯಿಲೆ ಬಂದು ಕಮ್ಮಿ ಆಯ್ತೋ, ಅದೂ ಗೊತ್ತಿಲ್ಲ." ಡಾಕ್ಟರಮ್ಮ ಅವಳ ಮುಖ ನೋಡಿದರು. "ಮನೆಯಲ್ಲಿ ಯಾರಿಗಾದ್ರೂ..."

"ನಮ್ಮ ಮನೆಯವರಿಗೆ." ಆ ಕಟ್ಟಡದಲ್ಲಿ ಅವಳು ಈ ಮಾತನ್ನು ಯಾರ ಮುಂದೆಯೂ ಆಡಿರಲಿಲ್ಲ.

ಡಾಕ್ಟರಮ್ಮ ಎದ್ದು ಬಂದು ಅವಳನ್ನು ಕುರ್ಚಿಯಲ್ಲಿ ಕೂರಿಸಿ, ಒಂದು ಲೋಟ ನೀರು ಕೊಟ್ಟರು. "ನೋಡಿ, ಜ್ವರ ಬಂದ ಮನುಷ್ಯನಿಗೆ ಥರ್ಮಾಮೀಟರ್ ಕೆಟ್ಟುಹೋದ್ರೆ ಜ್ವರ ಹೋಯ್ತು ಅಂತಲ್ಲ. ಅವರ ಕಾಯಿಲೆ ನನ್ನ ಚಿತ್ರದ ಮೇಲೆ ನಿಂತಿಲ್ಲ. ಮನೆಯಲ್ಲಿ ಹಾಗೇ ಹೇಳಿ. ಆದರೆ ಹೇಳಿ."

ಹೇಳುವುದಕ್ಕೆ ಅವಳು ಭಾನುವಾರದ ಬೆಳಿಗ್ಗೆಯನ್ನು ಆರಿಸಿಕೊಂಡಳು. ಅವನು ಬಟ್ಟೆ ಒಣಹಾಕಲು ಮಹಡಿಗೆ ಬಂದಿದ್ದ, ಅವಳು ಹಿಂಡಿಕೊಡುತ್ತಿದ್ದಳು. ಮುಖ ನೋಡದೆ ಮಾತಾಡಲು ಅದು ಅನುಕೂಲ, ನಡುವೆ ಒದ್ದೆ ಬೆಡ್‌ಶೀಟು ಇತ್ತು. ಸ್ಕ್ರೂವಿನಿಂದ ಹಿಡಿದು ಡಾಕ್ಟರಮ್ಮನ ಮಾತಿನವರೆಗೆ ಒಂದೂ ಬಿಡದೆ ಹೇಳಿದಳು. ಬೆಡ್‌ಶೀಟಿನಿಂದ ನೀರು ತೊಟ್ಟಿಕ್ಕುವ ಸದ್ದು ಮಾತ್ರ.

"ರೀ?"

"ಕೇಳಿಸ್ತು."

"ಮಾತ್ರೆ ಬಿಡ್ತೀರಾ?"

ಅವನು ಒಂದು ಕ್ಲಿಪ್ಪು ಸಿಕ್ಕಿಸಿದ. ಇನ್ನೊಂದನ್ನು ಕೈಯಲ್ಲಿ ಹಿಡಿದು ನಿಂತ. "ನಾನು ತಗೊಳ್ತಿರೋ ಮಾತ್ರೆಗೆ ನಿಮ್ಮ ಮೆಷೀನು ಕೆಟ್ಟಿರೋ ವಿಷಯ ಗೊತ್ತಿಲ್ಲವಲ್ಲ. ಅದು ಪಾಪ ತನ್ನ ಪಾಡಿಗೆ ಕೆಲಸ ಮಾಡ್ತಾ ಇದೆ. ನಾವೂ ಹೇಳೋದು ಬೇಡ."

ಅವಳಿಗೆ ಅರ್ಥವಾಗಲು ಒಂದು ಕ್ಷಣ ಬೇಕಾಯಿತು. ಆಮೇಲೆ ನಗು ಬಂತು, ನಗುವಿನ ಹಿಂದೆಯೇ ಅಳು. ಒದ್ದೆ ಬಟ್ಟೆಯಲ್ಲೇ ಮುಖ ಒತ್ತಿಕೊಂಡಳು. ಏಳು ತಿಂಗಳಾಗಿತ್ತು ಅವನು ತಮಾಷೆ ಮಾಡಿ.

ಅವನು ಬೆಡ್‌ಶೀಟು ಸರಿಸಿ ಈಚೆ ಬಂದ. "ನಿಜ ಹೇಳ್ಲಾ? ಆ ಚುಕ್ಕಿ ನೋಡಿ ನಾನು ಅತ್ತಿದ್ದು ಪ್ರೋಟೀನಿಗೆ ಅಲ್ಲ. ನೀನು 'ನಾನು ಅಂದಿದ್ದೆಲ್ಲ ತಪ್ಪು' ಅಂದ್ಯಲ್ಲ, ಅದಕ್ಕೆ. ಅದೂ ವಾಪಸ್ ತಗೊಳ್ತೀಯಾ?"

"ಇಲ್ಲ."

"ಹಾಗಿದ್ರೆ ಸರಿ."

ಅತ್ತೆಗೆ ವಿಷಯ ತಿಳಿದಾಗ ಸೊಂಟದ ಮೇಲೆ ಕೈಯಿಟ್ಟು ಕೇಳಿದ್ದು ಒಂದೇ ಪ್ರಶ್ನೆ: "ಅಂದ್ರೆ ಇಷ್ಟು ದಿನ ನಾನು ಬೇಯಿಸಿದ ಮೊಟ್ಟೆ ದಂಡವಾ?"

"ದಂಡ ಏನಿಲ್ಲ, ಎರಡು ಕೇಜಿ ಜಾಸ್ತಿ ಆಗಿದ್ದೀನಿ" ಅಂದ ಮಗ.

ಮರುಕತ್ತರಿಸುವ ಕೆಲಸ ಹತ್ತು ತಿಂಗಳು ಹಿಡಿಯಿತು. ಪದರಕ್ಕ ಈಗ ಪ್ರತಿ ಐವತ್ತನೆಯ ಪದರವನ್ನು, ದಪ್ಪ ಸರಿಯಿದೆಯೇ ನೋಡಲು, ಬೇರೆ ಅಳತೆಗೆ ಕಳಿಸುತ್ತಿದ್ದಳು. ಕಂಪ್ಯೂಟರ್ ಹುಡುಗಿ ಮೂರು ವಾರ ನೆಲಮಾಳಿಗೆಗೆ ಇಳಿಯಲಿಲ್ಲ. ನಾಲ್ಕನೆಯ ವಾರ ಡಬ್ಬಿ ಹಿಡಿದು ಬಂದು, ಪಕ್ಕದ ಸ್ಟೂಲಿನಲ್ಲಿ ಕೂತು ತಿಂದಳು. ತಿಂದಾದ ಮೇಲೆ, "ನನಗೂ ಕತ್ತರಿಸೋದು ಕಲಿಸಿ. ಏನು ಅಳೀತಿದ್ದೀನಿ ಅಂತ ನನಗೂ ಗೊತ್ತಿರಬೇಕು" ಅಂದಳು. ಮೊದಲ ದಿನ ಹನ್ನೆರಡು ಪದರ ಹಾಳು ಮಾಡಿದಳು. ಪದರಕ್ಕ ಹದಿಮೂರನೆಯದಕ್ಕೆ ಕುಂಚ ಕೈಗೆ ಕೊಟ್ಟಳು. ಹುಡುಗಿ ಕಲಿತದ್ದು ಅಭ್ಯಾಸಕ್ಕೆಂದೇ ಇಟ್ಟ ತುಣುಕುಗಳ ಮೇಲೆ. ಮರುಕತ್ತರಿಸುವ ತುಣುಕುಗಳಿಗೆ ಗುಟ್ಟು ಬಿಟ್ಟುಕೊಡದ ಹೊಸ ನಂಬರುಗಳನ್ನು ಡಾಕ್ಟರಮ್ಮ ಬೇರೆ ಯಾರಿಂದಲೋ ಹಾಕಿಸಿದ್ದರು.

ಫಲಿತಾಂಶ ಬಂತು. ಹಿಂದೆ ಕಂಡಿದ್ದ ಮೂರರಲ್ಲಿ ಒಂದು ಭಾಗದ ಕೊರತೆ ಮಾಯವಾಗಿತ್ತು. ಆದರೆ ಪೂರ್ತಿ ಮಾಯವಾಗಿರಲಿಲ್ಲ. ನೋಡಿದ ನಾಲ್ಕು ಪ್ರೋಟೀನುಗಳಲ್ಲಿ ಒಂದು, ಹಣೆಯ ಹಿಂದಿನ ಒಂದು ಪುಟ್ಟ ಜಾಗದಲ್ಲಿ, ನೂರಕ್ಕೆ ಹನ್ನೊಂದರಷ್ಟು ಕಡಿಮೆ ಇತ್ತು. ಎಲ್ಲರಲ್ಲೂ ಅಲ್ಲ. ಖಿನ್ನತೆ ಇದ್ದ ಕೆಲವರಲ್ಲಿ ತುಂಬಿ ತುಳುಕುವಷ್ಟಿತ್ತು, ಆರೋಗ್ಯವಾಗಿದ್ದ ಕೆಲವರಲ್ಲಿ ವಿರಳವಾಗಿತ್ತು. ಡಾಕ್ಟರಮ್ಮ ಅದನ್ನು ಇದ್ದದ್ದು ಇದ್ದಂತೆ ಬರೆದರು. ದೊಡ್ಡ ಪತ್ರಿಕೆಗಳು ತೆಗೆದುಕೊಳ್ಳಲಿಲ್ಲ, ಸಣ್ಣದೊಂದು ತೆಗೆದುಕೊಂಡಿತು.

ಆ ವರ್ಷ ಮಿದುಳು ದಾನ ಕೊಟ್ಟ ಮನೆಗಳವರನ್ನು ಒಂದು ಮಧ್ಯಾಹ್ನ ಸಂಸ್ಥೆಗೆ ಕರೆದಿದ್ದರು. ಮೂವತ್ತು ನಲವತ್ತು ಜನ, ಸಭಾಂಗಣದ ಕುರ್ಚಿಗಳಲ್ಲಿ ಅಲ್ಲಲ್ಲಿ ದೂರ ದೂರ ಕೂತಿದ್ದರು. ಮೇಷ್ಟ್ರು ಆ ಹೊತ್ತಿಗೆ ವಾರಕ್ಕೆ ಮೂರು ದಿನ ಕಲಿಸಲು ಹೋಗುತ್ತಿದ್ದ. ಅವತ್ತು ಹೆಂಡತಿಯನ್ನು ಬಿಡಲು ಬಂದವನು ಹಿಂದಿನ ಸಾಲಿನಲ್ಲಿ ಕೂತುಕೊಂಡ. ಡಾಕ್ಟರಮ್ಮ ಮಾತಾಡಿದ ಮೇಲೆ, ನಿಮ್ಮವರು ಕೊಟ್ಟದ್ದನ್ನು ಕೈಯಲ್ಲಿ ಹಿಡಿದು ಕೆಲಸ ಮಾಡಿದವರು ಇವರು ಎಂದು ಪದರಕ್ಕನನ್ನು ಮುಂದೆ ಕರೆದರು. ಅವಳಿಗೆ ಭಾಷಣ ಬರುತ್ತಿರಲಿಲ್ಲ. "ಒಂದು ಚೂರೂ ದಂಡ ಮಾಡಿಲ್ಲ" ಅಂದಳು. ಅಂದ ಮೇಲೆ ಅದು ಪೂರ್ತಿ ನಿಜವಲ್ಲವೆಂದು ನೆನಪಾಗಿ, "ಮೊದಲನೇ ಸಲ ಕೆಲವು ತಪ್ಪಾದವು. ಎರಡನೇ ಸಲ ಸರಿಯಾಗಿ ಮಾಡಿದ್ವಿ" ಎಂದು ಸೇರಿಸಿದಳು.

ಕಾರ್ಯಕ್ರಮ ಮುಗಿದು ಎಲ್ಲರೂ ಚಹಾ ಕುಡಿಯುವಾಗ ಒಬ್ಬ ಮುದುಕರು ಅವಳ ಹತ್ತಿರ ಬಂದರು. ಅಂಚೆ ಕಚೇರಿಯಲ್ಲಿದ್ದು ನಿವೃತ್ತರಾದವರಂತೆ. ಅವರು ಕೊಟ್ಟದ್ದು ಮಗನದು, ಮೂವತ್ತೊಂದು ವರ್ಷದವನದು. "ಅಮ್ಮಾ, ಅವನದರಲ್ಲಿ ಕಮ್ಮಿ ಇತ್ತಾ?" ಎಂದು ಕೇಳಿದರು.

"ನಮಗೆ ನಂಬರು ಮಾತ್ರ ಗೊತ್ತಿರತ್ತೆ ಸ್ವಾಮಿ. ಯಾರದು ಅಂತ ಗೊತ್ತಿರಲ್ಲ."

"ಕಮ್ಮಿ ಇತ್ತು ಅಂತ ಹೇಳಿದ್ರೆ ನನಗೆ..." ಅವರ ಲೋಟ ತಟ್ಟೆಯಲ್ಲಿ ಕಟಕಟ ಅಂದಿತು. "ನಾನು ಅವನಿಗೆ ದಿನಾ ಬೈತಿದ್ದೆ. ಎದ್ದೇಳೋ, ಗಂಡಸಲ್ವೇನೋ ಅಂತ. ಕೊನೇ ದಿನ ಬೆಳಿಗ್ಗೆನೂ ಬೈದಿದ್ದೆ."

ಪದರಕ್ಕನಿಗೆ ಸುಳ್ಳು ನಾಲಿಗೆಯ ತುದಿಗೆ ಬಂತು. ಕಮ್ಮಿ ಇತ್ತು, ನಾನೇ ನೋಡಿದೆ ಅಂದರೆ ಮುಗಿಯಿತು. ಆದರೆ ಆ ಮಾತು ಹೊರಡಲಿಲ್ಲ. ಅಷ್ಟರಲ್ಲಿ ಹಿಂದಿನಿಂದ ಮೇಷ್ಟ್ರು ಬಂದು ಮುದುಕರ ಕೈಯಿಂದ ಲೋಟ ತಗೊಂಡು ಮೇಜಿನ ಮೇಲಿಟ್ಟ.

"ನನಗೂ ಅದೇ ಕಾಯಿಲೆ. ಇವಳೂ ನನಗೆ ಬೈದಿದ್ದಳು" ಅಂದ. "ನೋವಾಗತ್ತೆ, ಇಲ್ಲ ಅನ್ನಲ್ಲ. ಆದ್ರೆ ಬೈದೋರ ಮೇಲೆ ಸಿಟ್ಟು ಬರೋಕೂ ಒಳಗೆ ಶಕ್ತಿ ಬೇಕು, ಅದು ನನಗೆ ಇರಲಿಲ್ಲ. ನನಗೆ ಕೇಳಿಸ್ತಿದ್ದದ್ದು ಅವಳ ಮಾತಲ್ಲ. ಒಳಗಿನದು ಇನ್ನೂ ಕೆಟ್ಟದಾಗಿ ಬೈತಿತ್ತು. ಅದಕ್ಕೆ ಹೋಲಿಸಿದ್ರೆ ಇವಳದು ಸಂಗೀತ."

ಮುದುಕರು ಅವನನ್ನೇ ನೋಡಿದರು. "ನಿಮಗೆ ಹುಷಾರಾಯ್ತಾ?"

"ಆಗ್ತಾ ಇದೆ. ಒಂದೊಂದು ದಿನ ಇಲ್ಲ."

ಮೂವರೂ ಅಲ್ಲೇ ಕೂತರು. ಮುದುಕರು ಮಗನ ವಿಷಯ ಹೇಳಿದರು. ಅವನಿಗೆ ಹಳೆಯ ರೇಡಿಯೋ ಬಿಚ್ಚುವ ಹುಚ್ಚಿತ್ತು, ಕಾಳಿನ ಡಬ್ಬಿಯಲ್ಲಿ ಸ್ಕ್ರೂ ಇಡುತ್ತಿದ್ದ, ತಾಯಿ ಒಮ್ಮೆ ಕಾಳೆಂದುಕೊಂಡು ಅದನ್ನು ತೊಳೆದು ಒಲೆಗೇರಿಸಿದ್ದಳು. ಹೇಳುತ್ತ ಹೇಳುತ್ತ ಅವರು ಒಂದು ಸಲ ನಕ್ಕರು. ಸಭಾಂಗಣದವರು ಕುರ್ಚಿ ಮಡಚಲು ಶುರುಮಾಡುವವರೆಗೂ ಮಾತು ನಡೆಯಿತು.

ಮರುವರ್ಷ ಚಳಿಗಾಲದಲ್ಲಿ ಒಂದು ಬೆಳಿಗ್ಗೆ ಪದರಕ್ಕ ತಿಂಡಿ ಮಾಡುತ್ತಿದ್ದಾಗ ಮೇಷ್ಟ್ರು ಅಡುಗೆಮನೆಯ ಬಾಗಿಲಲ್ಲಿ ಬಂದು ನಿಂತ. ಬಟ್ಟೆ ಹಾಕಿಕೊಂಡಿದ್ದ, ಷರಟಿನ ಗುಂಡಿ ಹಾಕಿರಲಿಲ್ಲ.

"ಮತ್ತೆ ಶುರುವಾದ ಹಾಗಿದೆ" ಅಂದ. "ನಾಲ್ಕು ದಿನದಿಂದ. ನೀನು ಕಂಡುಹಿಡಿಯೋಕೆ ಮುಂಚೆ ನಾನೇ ಹೇಳೋಣ ಅಂತ ಬಂದೆ."

ಅವಳು ಒಲೆ ಆರಿಸಿದಳು. ಸಂಸ್ಥೆಗೆ ಫೋನ್ ಮಾಡಿ, ಇವತ್ತು ಬರಲಾಗುವುದಿಲ್ಲ, ಕತ್ತರಿಸಬೇಕಾದದ್ದನ್ನು ಹುಡುಗಿಯೇ ಕತ್ತರಿಸಲಿ ಅಂದಳು. ಆಮೇಲೆ ಗಂಡನ ಮುಂದೆ ನಿಂತು, ಕೆಳಗಿನಿಂದ ಒಂದೊಂದಾಗಿ ಅವನ ಗುಂಡಿ ಹಾಕತೊಡಗಿದಳು. ಅತ್ತೆ ಹಿಂದಿನಿಂದ, "ಆಸ್ಪತ್ರೆಗೆ ಬರೀ ಹೊಟ್ಟೆಯಲ್ಲಿ ಹೋಗ್ಬೇಡಿ, ಎರಡು ನಿಮಿಷ ಇರಿ" ಎನ್ನುತ್ತ ಪಾತ್ರೆ ಹುಡುಕುತ್ತಿದ್ದರು. ಆ ಸಲ ಎರಡು ತಿಂಗಳಲ್ಲಿ ಅವನು ಚೇತರಿಸಿಕೊಂಡ.